ನಿಂತ ಮರದೊಳಗೆ ನಡೆವ ನೀರು

ಬಳ್ಳಾರಿ ಸೀಮೆಯಲ್ಲಿ ಎತ್ತರವೆಂದರೆ ಕಲ್ಲು. ನಗರದ ನಡುವೆ ಕೋಟೆಯನ್ನು ಹೊತ್ತು ನಿಂತ ಗುಡ್ಡ, ಅದಕ್ಕೆ ಜೊತೆಯಾದ ಕುಂಬಾರ ಗುಡ್ಡ, ದೊಡ್ಡಬಸವೇಶ್ವರನ ಊರಾದ ಕುರುಗೋಡಿನ ಬಂಡೆಗಳ ರಾಶಿ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟ, ಇವುಗಳನ್ನು ಕಂಡೇ ಈ ನೆಲದ ಮಕ್ಕಳು ತಲೆಯೆತ್ತಿ ನೋಡುವುದನ್ನು ಕಲಿಯುತ್ತಾರೆ. ಕಲ್ಲಿನ ಎತ್ತರಕ್ಕೆ ಯಾರ ಆರೈಕೆಯೂ ಬೇಕಾಗಿಲ್ಲ. ಮರದ ಎತ್ತರ ಹಾಗಲ್ಲ. ಅದು ದಿನದಿನವೂ ನೀರನ್ನು ಮೇಲಕ್ಕೆ ಹೊತ್ತು ಉಳಿಸಿಕೊಳ್ಳಬೇಕಾದ ಎತ್ತರ. ನೀರು ಏರುವುದು ನಿಂತರೆ ಮರ ನಿಂತಲ್ಲಿಯೇ ಕೊನೆಗಾಣುತ್ತದೆ.

ಸ್ಥಾವರವೆಂದರೆ ನಿಂತದ್ದು, ಜಂಗಮವೆಂದರೆ ಚಲಿಸುವಂಥದ್ದು. ಶರಣರ ಚಿಂತನೆಯಲ್ಲಿ ಈ ಎರಡು ಶಬ್ದಗಳಿಗಿರುವ ತೂಕ ಎಲ್ಲರಿಗೂ ತಿಳಿದದ್ದೇ ಆಗಿದೆ. ಮರವನ್ನು ಸ್ಥಾವರಗಳ ಸಾಲಿನಲ್ಲಿ ಎಣಿಸುವುದು ಹಿಂದಿನಿಂದ ಬಂದ ವಾಡಿಕೆ. ಆದರೆ ಅದರ ಒಳಗಿರುವ ಜೀವವು ಚಲನೆಯೇ ಎಂಬುದನ್ನು ಒಂದು ಕುಟುಂಬವು ದೂರದ ಕಾಡಿನಲ್ಲಿ ಅರಿತುಕೊಂಡ ಬಗೆ ಇಲ್ಲಿ ಮನನಯೋಗ್ಯವಾಗಿದೆ.

ಕುರುಗೋಡಿನ ನಿವೃತ್ತ ಶಿಕ್ಷಕರೊಬ್ಬರ ಮನೆಯ ಮುಂದೆ ಒಂದು ಬೇವಿನ ಮರವಿದೆ. ಅವರ ಧರ್ಮಪತ್ನಿ ಮದುವೆಯಾಗಿ ಬಂದ ವರ್ಷ ನೆಟ್ಟ ಸಸಿ ಅದು. ಅಕ್ಕಿ ತೊಳೆದ ನೀರನ್ನು ಆ ತಾಯಿ ಒಂದು ದಿನವೂ ಚರಂಡಿಗೆ ಚೆಲ್ಲಿದವರಲ್ಲ. ಅದೆಲ್ಲವೂ ಬೇವಿನ ಬುಡಕ್ಕೆ ಸಲ್ಲುತ್ತಿತ್ತು. ಅವರು ಲಿಂಗೈಕ್ಯರಾದ ಮೇಲೆ ಆ ಮರದ ಸುತ್ತ ಒಂದು ಭದ್ರವಾದ ಕಟ್ಟೆಯನ್ನು ಕಟ್ಟಿಸಿ, ನುಣುಪಾದ ಗ್ರಾನೈಟ್ ಹಾಸಿ, ಅವರ ಹೆಸರನ್ನು ಕೆತ್ತಿಸಬೇಕೆಂದು ಶಿಕ್ಷಕರು ಸಂಕಲ್ಪಿಸಿದ್ದರು. ಪಿಂಚಣಿಯಲ್ಲಿ ಉಳಿಸಿದ ಹಣವನ್ನು ಅದಕ್ಕೆಂದೇ ತೆಗೆದಿಟ್ಟಿದ್ದರು. ಬುಡಕ್ಕೆ ಸೇರುವಂತೆ ಸಿಮೆಂಟು ಹಾಕಿದರೆ ನೂರು ವರ್ಷ ಅಲುಗಾಡದು ಎಂದು ಮೇಸ್ತ್ರಿ ಭರವಸೆ ಕೊಟ್ಟಿದ್ದ.

ಕೆಲಸ ಆರಂಭಿಸುವ ಮುನ್ನ ಅವರಿಗೆ ಇನ್ನೊಂದು ಹರಕೆ ತೀರಿಸುವುದಿತ್ತು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿರುವ ದೊಡ್ಡ ಸಂಪಿಗೆ ಮರವನ್ನು ಒಮ್ಮೆ ಕಾಣಬೇಕೆಂಬುದು ಆ ತಾಯಿಯ ಬಹುಕಾಲದ ಆಸೆಯಾಗಿತ್ತು. ಅದು ಕೈಗೂಡಿರಲಿಲ್ಲ. ಆದುದರಿಂದ ಶಿಕ್ಷಕರು ಬಳ್ಳಾರಿಯಲ್ಲಿ ಓದುತ್ತಿರುವ ಮೊಮ್ಮಗಳನ್ನೂ ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ಬೀಗರನ್ನೂ ಕರೆದುಕೊಂಡು ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಮೈಸೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಚಾಮರಾಜನಗರ ಜಿಲ್ಲೆಯ ಆ ಬೆಟ್ಟಕ್ಕೆ ಪಯಣಿಸಿದರು.

ಬಿಳಿಗಿರಿರಂಗನ ಬೆಟ್ಟವು ಸೋಲಿಗರ ನಾಡು. 2011ರಲ್ಲಿ ಈ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ದೊರೆಯಿತು. ಒಳಗಾಡಿನಲ್ಲಿರುವ ಸಂಪಿಗೆಯ ಬಳಿಗೆ ಮನಬಂದಂತೆ ಹೋಗುವಂತಿಲ್ಲ. ಅನುಮತಿ ಪಡೆದು, ದಾರಿ ಬಲ್ಲವರೊಡನೆ ನಡೆಯಬೇಕು. ಹಿರಿಯ ಸೋಲಿಗರೊಬ್ಬರು ಇವರಿಗೆ ಮುಂದಾಳಾದರು.

ಕುರುಚಲು ಗಿಡಗಳ ಬಯಲನ್ನೇ ಕಂಡ ಕಣ್ಣುಗಳಿಗೆ ಆ ನಡಿಗೆಯೇ ಒಂದು ಪಾಠವಾಗಿತ್ತು. ಬಿಸಿಲು ನೆಲವನ್ನು ತಲುಪುವ ಮೊದಲೇ ನಾಲ್ಕಾರು ಅಂತಸ್ತುಗಳ ಎಲೆಗಳಲ್ಲಿ ಹಂಚಿಹೋಗುತ್ತಿತ್ತು. ಆನೆಯ ಲದ್ದಿ ಕಂಡಲ್ಲಿ ಮುಂದಾಳು ನಿಂತು ಆಲಿಸುತ್ತಿದ್ದರು. ಅವರು ಕೈಯೆತ್ತಿದರೆ ಎಲ್ಲರೂ ನಿಲ್ಲಬೇಕು. “ತಾತ, ಇನ್ನಾ ಎಷ್ಟು ದೂರ ಐತಿ?” ಎಂದು ಮೊಮ್ಮಗಳು ಪಿಸುಗುಟ್ಟಿದಾಗ ಶಿಕ್ಷಕರು ಉತ್ತರಿಸಲಿಲ್ಲ. ಅವರ ಕೈಯಲ್ಲಿ ಪತ್ನಿಯ ಹೆಸರಿನಲ್ಲಿ ತಂದಿದ್ದ ಹೂವಿನ ಪೊಟ್ಟಣವಿತ್ತು.

ಭಾರ್ಗವಿ ಹೊಳೆಯ ಸನಿಹದಲ್ಲಿ ಮರವು ಎದುರಾಯಿತು. ಎದುರಾದದ್ದು ಮರವೆಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಅದರ ಬುಡವು ಕಾಂಡದಂತಿರದೆ ಮಡಿಕೆಗಳುಳ್ಳ ಗೋಡೆಯಂತಿದೆ. ಸುತ್ತಳತೆ ಸುಮಾರು 20 ಮೀಟರ್, ಎತ್ತರ ಸುಮಾರು 34 ಮೀಟರ್. ಬುಡದಲ್ಲಿ ಲಿಂಗಗಳೆಂದು ಪೂಜೆಗೊಳ್ಳುವ ಸಣ್ಣ ಸಣ್ಣ ಶಿಲೆಗಳಿವೆ. ಸೋಲಿಗರಿಗೆ ಇದು ಮಾದೇಶ್ವರನ ನೆಲೆ. ಇದಕ್ಕೆ ಗುಡಿಯ ಗೋಡೆಯಿಲ್ಲ, ಗೋಪುರವಿಲ್ಲ.

ಮರದ ವಯಸ್ಸನ್ನು ಭಕ್ತರು 2000 ವರ್ಷವೆನ್ನುತ್ತಾರೆ. 600 ವರ್ಷವೆಂಬುದು ಇನ್ನೊಂದು ಅಂದಾಜು. ಉಷ್ಣವಲಯದ ಅನೇಕ ಮರಗಳಲ್ಲಿ ವರ್ಷಕ್ಕೊಂದರಂತೆ ಸ್ಪಷ್ಟವಾದ ಉಂಗುರ ಮೂಡದಿರುವುದರಿಂದ ಇಂಥ ಲೆಕ್ಕ ಸುಲಭವಲ್ಲ. ಕಡಿಮೆಯ ಅಂದಾಜನ್ನೇ ಒಪ್ಪಿದರೂ, ಹಂಪೆಯಲ್ಲಿ ಪ್ರೌಢದೇವರಾಯನು (1424–1446) ಆಳುತ್ತಿದ್ದ, ಲಕ್ಕಣ್ಣ ದಂಡೇಶನಂಥವರು ಶರಣಸಾಹಿತ್ಯಕ್ಕೆ ಮತ್ತೆ ಜೀವ ತುಂಬುತ್ತಿದ್ದ ಆ ಕಾಲಕ್ಕೆ ಈ ಮರವು ಇಲ್ಲೊಂದು ಎಳೆಯ ಸಸಿಯಾಗಿತ್ತೆಂದು ಆಗುತ್ತದೆ. ಹಂಪೆಯ ಅರಮನೆಗಳ ಕಲ್ಲಿನ ತಳಪಾಯಗಳು ಮಾತ್ರ ಉಳಿದಿವೆ. ಸಂಪಿಗೆಯು ಇಂದಿಗೂ ಚಿಗುರುತ್ತಿದೆ.

ಶಿಕ್ಷಕರು ಪಾದರಕ್ಷೆ ಕಳಚಿ, ಕಾಂಡವನ್ನು ತಬ್ಬಿಕೊಳ್ಳುವ ಆತುರದಿಂದ ನೇರವಾಗಿ ಮುಂದಡಿಯಿಟ್ಟರು. ಮುಂದಾಳು ಮೆಲ್ಲನೆ ಅಡ್ಡ ಬಂದು, “ಅಲ್ಲೇ ನಿಲ್ಲಿ ಸ್ವಾಮಿ. ಅದು ದೇವರ ಕಾಲು, ತುಳೀಬ್ಯಾಡಿ. ಈ ಕಡೆ ಜಾಡು ಅದೆ, ಇಲ್ಲಿಂದ ಬನ್ನಿ” ಎಂದರು.

ಶಿಕ್ಷಕರು ಕೆಳಗೆ ನೋಡಿದರು. ತರಗೆಲೆಗಳ ಅಡಿಯಲ್ಲಿ ಬೇರುಗಳು ಹಬ್ಬಿದ್ದವು. ಅವರು ಜಾಡಿನ ಅಂಚಿನಲ್ಲಿಯೇ ಮಂಡಿಯೂರಿ ಹೂವನ್ನಿರಿಸಿ ನೆಲವನ್ನು ಮುಟ್ಟಿ ನಮಸ್ಕರಿಸಿದರು. ಆಗ ಅವರ ಬೆರಳು ತಡೆಯಿಲ್ಲದೆ ಎರಡು ಗೆಣ್ಣುಗಳಷ್ಟು ಮಣ್ಣಿನೊಳಗೆ ಇಳಿಯಿತು. ಆ ಮಣ್ಣು ತಂಪಾಗಿ, ಸಡಿಲವಾಗಿ, ಹುಳಹುಪ್ಪಟೆಗಳಿಂದ ತುಂಬಿತ್ತು. ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ. ಮನೆಯ ಮುಂದಿನ ಬೇವಿನ ಬುಡದ ಮಣ್ಣಾದರೋ ಬಂಡಿ, ಸ್ಕೂಟರುಗಳ ಗಾಲಿಗೆ ಸಿಕ್ಕಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಮರದ ಬೇರು ನೀರು ಕುಡಿಯುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಬೇರು ಉಸಿರಾಡುತ್ತದೆ ಎಂಬುದು ಹಿರಿಯರ ಗಮನದಿಂದಲೂ ತಪ್ಪಿಹೋಗುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯಿರುತ್ತದೆ. ಬೇರು ಅಲ್ಲಿಂದಲೇ ಆಮ್ಲಜನಕವನ್ನು ಪಡೆಯಬೇಕು. ನೀರನ್ನೂ ಸತ್ವವನ್ನೂ ಹೀರುವ ಸೂಕ್ಷ್ಮ ಬೇರುಗಳಲ್ಲಿ ಹೆಚ್ಚಿನವು ಆಳದಲ್ಲಿರದೆ ಮೇಲುಮಣ್ಣಿನಲ್ಲಿಯೇ ಹರಡಿರುತ್ತವೆ. ಆ ಮಣ್ಣು ತುಳಿತಕ್ಕೆ ಬಿಗಿದುಕೊಂಡರೆ ಗಾಳಿಯ ದಾರಿ ಮುಚ್ಚುತ್ತದೆ, ಮಳೆನೀರು ಇಳಿಯದೆ ಹರಿದುಹೋಗುತ್ತದೆ. ಬುಡದಲ್ಲಾದ ಪೆಟ್ಟು ತುದಿಯಲ್ಲಿ ಕಾಣಿಸಿಕೊಳ್ಳಲು ಎಷ್ಟೋ ವರ್ಷಗಳು ಬೇಕಾಗುತ್ತವೆ.

ಸಿರುಗುಪ್ಪದ ಬೀಗರು ಅದುವರೆಗೆ ಮೌನವಾಗಿದ್ದವರು ಹೇಳಿದರು: “ನಮ್ಮ ಹೊಲಕ್ಕ ಕಾಲುವಿ ನೀರು ಬಂದ ಮ್ಯಾಲ ಬದುವಿನ ಬೇವು ಒಣಗಿದ್ವು ಬೀಗರೇ. ನೀರಿಲ್ಲದ ಅಲ್ಲ, ನೀರು ಹೆಚ್ಚಾಗಿ. ಬುಡದಾಗ ನೀರು ನಿಂತು ಉಸುರು ಕಟ್ಟಿತು.” ಭತ್ತದ ಪೈರಿಗೆ ಎಲೆಯಿಂದ ಬೇರಿನವರೆಗೆ ಗಾಳಿಯನ್ನು ಒಯ್ಯುವ ಟೊಳ್ಳು ದಾರಿಗಳಿರುವುದರಿಂದ ಅದು ನಿಂತ ನೀರಿನಲ್ಲಿ ಬಾಳಬಲ್ಲದು. ಬೇವು ಒಣನೆಲವನ್ನು ಸಹಿಸುತ್ತದೆ, ನಿಂತ ನೀರನ್ನು ಸಹಿಸದು. ತುಂಗಭದ್ರೆಯ ಕಾಲುವೆಯ ಬಯಲಿನಲ್ಲಿ ರೈತರು ಅನುಭವದಿಂದ ಕಂಡ ಸತ್ಯವಿದು.

ಇನ್ನು ಮೇಲಕ್ಕೇರುವ ನೀರಿನ ವಿಚಾರ. ಮೂವತ್ತು ಮೀಟರಿಗೂ ಮಿಗಿಲಾದ ಎತ್ತರಕ್ಕೆ ನೀರನ್ನು ಮುಟ್ಟಿಸಲು ಮನುಷ್ಯನಿಗೆ ಪಂಪು ಬೇಕು, ವಿದ್ಯುತ್ತು ಬೇಕು. ಮರದಲ್ಲಿ ಪಂಪಿಲ್ಲ. ಎಲೆಯ ಸೂಕ್ಷ್ಮರಂಧ್ರಗಳಿಂದ ಆವಿ ಹೊರಟಂತೆ, ಒಂದನ್ನೊಂದು ಬಿಡದೆ ಹಿಡಿದಿರುವ ನೀರಿನ ಅಣುಗಳು ನೂಲಿನಂತೆ ಮೇಲಕ್ಕೆ ಸೆಳೆಯಲ್ಪಡುತ್ತವೆ. ತುದಿಯ ಎಲೆಯು ಬಿಟ್ಟುಕೊಟ್ಟಷ್ಟು ಮಾತ್ರ ಬುಡದಿಂದ ಬರುತ್ತದೆ. ತ್ಯಾಗವಿದ್ದಲ್ಲಿ ಪ್ರಾಪ್ತಿಯಿದೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನ ಬೇಕೆ? ಬೇರಿಗೆ ಉಣಿಸಿದ್ದು ಮೇಲೆ ಚಿಗುರಾಗುವ ದೃಷ್ಟಾಂತವನ್ನು ಬಸವಣ್ಣನವರು ಲಿಂಗಕ್ಕೂ ಜಂಗಮಕ್ಕೂ ಇರುವ ಸಂಬಂಧವನ್ನು ತಿಳಿಸಲು ಬಳಸಿದ್ದು ಸುಮ್ಮನೆ ಅಲ್ಲ. ನಿಂತ ಮರದೊಳಗೆ ಜಂಗಮವು ಹಗಲೆಲ್ಲ ನಡೆಯುತ್ತಲೇ ಇರುತ್ತದೆ.

ಈ ನಡಿಗೆಗೂ ಒಂದು ಮೇರೆಯಿದೆ. ಎತ್ತರ ಹೆಚ್ಚಿದಷ್ಟೂ ನೀರಿನ ಎಳೆಯ ಮೇಲೆ ಬೀಳುವ ಜಗ್ಗಾಟ ಹೆಚ್ಚುತ್ತದೆ. ಎಷ್ಟೇ ಅನುಕೂಲವಿದ್ದರೂ ಮರವೊಂದು 122ರಿಂದ 130 ಮೀಟರಿನ ಆಚೆಗೆ ಬೆಳೆಯಲಾರದೆಂದು ಅಮೆರಿಕದ ರೆಡ್‌ವುಡ್ ಮರಗಳನ್ನು ಅಭ್ಯಸಿಸಿದ ವಿಜ್ಞಾನಿಗಳು 2004ರಲ್ಲಿ ಅಂದಾಜಿಸಿದರು. ಈಗ ತಿಳಿದಿರುವ ಮರಗಳಲ್ಲೆಲ್ಲ ಎತ್ತರವಾದದ್ದು ಕ್ಯಾಲಿಫೋರ್ನಿಯಾದ ‘ಹೈಪೀರಿಯನ್’ ಎಂಬ ರೆಡ್‌ವುಡ್. ಸುಮಾರು 116 ಮೀಟರ್. 2006ರಲ್ಲಿ ಅದು ಪತ್ತೆಯಾಯಿತು. ಜಗತ್ತಿನ ಅತಿ ಎತ್ತರದ ಮರವೆಂಬ ಕೀರ್ತಿ ಹರಡಿದಂತೆ, ದಾರಿಯಿಲ್ಲದ ಕಾಡಿನಲ್ಲಿ ಜನರು ದಾರಿ ಮಾಡಿಕೊಂಡು ಹೋದರು. ಬುಡದ ಜರೀಗಿಡಗಳು ತುಳಿತಕ್ಕೆ ಇಲ್ಲವಾದವು, ಕಸ ಬಿದ್ದಿತು. ಕಡೆಗೆ 2022ರಲ್ಲಿ ಉದ್ಯಾನದ ಅಧಿಕಾರಿಗಳು ಅತ್ತ ಕಾಲಿಟ್ಟವರಿಗೆ 5000 ಡಾಲರುಗಳವರೆಗೆ ದಂಡ ಮತ್ತು ಆರು ತಿಂಗಳವರೆಗೆ ಸೆರೆವಾಸವೆಂದು ಸಾರಬೇಕಾಯಿತು. ಅಲ್ಲಿಗೆ ಹೋದವರಲ್ಲಿ ಕೊಡಲಿ ಹಿಡಿದವರಿರಲಿಲ್ಲ. ಬಂದವರೆಲ್ಲ ಮೆಚ್ಚಿ ಬಂದವರೇ. ಪ್ರೀತಿಯ ಪಾದವೂ ಭಾರವೇ ಎಂಬುದನ್ನು ಆ ಮರದ ಬುಡವು ತೋರಿಸಿತು. ದಂಡದ ಭಯದಿಂದ ಅಲ್ಲಿ ಕಲಿಸಬೇಕಾದುದನ್ನು ಸೋಲಿಗ ಹಿರಿಯರು ‘ದೇವರ ಕಾಲು’ ಎಂಬ ಎರಡೇ ಶಬ್ದಗಳಲ್ಲಿ ಕಲಿಸಿಬಿಟ್ಟಿದ್ದರು.

ಮರಳಿ ಬರುವ ರೈಲಿನಲ್ಲಿ ಶಿಕ್ಷಕರು ಗ್ರಾನೈಟಿನ ಮಾತನ್ನು ತಾವಾಗಿಯೇ ತೆಗೆದರು. ಹೆಸರು ಕೆತ್ತಿಸದಿದ್ದರೆ ಆಕೆಗೆ ಸಲ್ಲಬೇಕಾದುದನ್ನು ಸಲ್ಲಿಸದಂತಾಗುವುದಿಲ್ಲವೇ ಎಂಬುದು ಅವರ ಅಳಲು. ಅದು ಸಣ್ಣ ಅಳಲೇನೂ ಅಲ್ಲ. ಅಗಲಿದವರಿಗಾಗಿ ಏನಾದರೊಂದು ನಿಲ್ಲಿಸಬೇಕೆಂಬುದು ಮನುಷ್ಯಸಹಜವಾದ ಹಂಬಲ. ಮೊಮ್ಮಗಳು, “ತಾತ, ಅಮ್ಮಮ್ಮ ಹಾಕ್ತಿದ್ದ ನೀರು ಸಿಮೆಂಟ್ ಮ್ಯಾಲ ಹಾಕಿದ್ರ ಎಲ್ಲಿಗೆ ಹೋಗ್ತೈತಿ?” ಎಂದಳು. ಅವರು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡರು.

ಪಟ್ಟಣಗಳಲ್ಲಿ ಮರದ ಕೊರಳಿನವರೆಗೆ ಸಿಮೆಂಟು ಸುರಿಯುವುದು ಎಲ್ಲೆಡೆಯೂ ಕಾಣುವ ನೋಟ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯುವಂತೆ ಆದೇಶಿಸಿತ್ತು. ಕಟ್ಟೆಯೇ ಕೂಡದೆಂದು ಇದರ ಅರ್ಥವಲ್ಲ. ಹಿಂದಿನವರು ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಕಟ್ಟೆಗಳಲ್ಲಿ ಸಂದುಗಳಿಂದ ನೀರೂ ಗಾಳಿಯೂ ಇಳಿಯುತ್ತಿದ್ದವು. ಕಾಂಡದ ಬುಡಕ್ಕೆ ಹೊಸ ಮಣ್ಣು ಏರಿಸದೆ, ಸುತ್ತಲಿನ ನೆಲವನ್ನು ಮುಚ್ಚದೆ ಇದ್ದರೆ ಸಾಕು, ಮರಕ್ಕೆ ಉಸಿರು ಉಳಿಯುತ್ತದೆ.

ಕುರುಗೋಡಿನ ಓಣಿಯಲ್ಲಿ ಈ ಮಾತು ಸುಲಭವಾಗಿ ಒಪ್ಪಿತವಾಗಲಿಲ್ಲ. ಮಳೆಗಾಲದಲ್ಲಿ ಕೆಸರಾಗುವುದೆಂದು ಕೆಲವರು ಹೇಳಿದರು. ಕಟ್ಟೆಯಿದ್ದರೆ ಸಂಜೆ ಕೂರಲು ಅನುಕೂಲವೆಂದು ಹಿರಿಯರು ಹೇಳಿದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ಕಡೆಗೆ ಬೇವಿನಿಂದ ದೂರ ಸರಿದು, ನೆರಳು ಬೀಳುವ ಗೋಡೆಯ ಬದಿಯಲ್ಲಿ ಎರಡು ಕಲ್ಲು ಬೆಂಚುಗಳನ್ನು ಹಾಕಿಸಲಾಯಿತು. ಮರದ ಸುತ್ತ ಗಾಡಿಗಳು ನುಗ್ಗದಂತೆ ಗುಂಡುಕಲ್ಲುಗಳನ್ನು ಬಿಡಿಬಿಡಿಯಾಗಿ ಇರಿಸಿ, ಒಳಗಿನ ಗಟ್ಟಿ ಮಣ್ಣನ್ನು ಬೇರಿಗೆ ನೋವಾಗದಂತೆ ಮೆಲ್ಲನೆ ಸಡಿಲಿಸಿ ತರಗೆಲೆ ಹೊದಿಸಲಾಯಿತು. ಹೆಸರಿನ ಫಲಕವಿಲ್ಲ. ಅಕ್ಕಿ ತೊಳೆದ ನೀರನ್ನು ಈಗ ಶಿಕ್ಷಕರೇ ತಂದು ಹಾಕುತ್ತಾರೆ. ಅವರು ಊರಿನಲ್ಲಿಲ್ಲದ ದಿನ ಎದುರುಮನೆಯ ಸೊಸೆ ಯಾರೂ ಹೇಳದೆಯೇ ತನ್ನ ಮನೆಯ ನೀರನ್ನು ತಂದು ಎರೆಯುತ್ತಾಳೆ.