ರೈಲಿನ ಹಿಂದಿನ ಪರದೆ

"ಅತ್ತಿ, ರೈಲು ಚೊಲೋ ಓಡ್ತೈತಿ. ಆದ್ರ ಹಿಂದ ಗ್ವಾಡಿ ಕಾಣಾಕತ್ತೈತಿ."

ಸಂಕ್ರಾಂತಿಗೆ ವಾರವಿರುವಾಗ ಅಣ್ಣನ ಮಗ ತಂಗಡಗಿಯಿಂದ ಫೋನ್ ಮಾಡಿ ಹೇಳಿದ್ದು ಇಷ್ಟೇ. ಪಡಸಾಲೆಯ ಆ ಗೋಡೆ ನನಗೆ ಗೊತ್ತು. ಒಂದು ಕ್ಯಾಲೆಂಡರು, ಒಂದು ಗೂಟ, ಗೂಟಕ್ಕೆ ಕಾಕಾನ ಅಂಗಿ. ಆ ಅಂಗಿಯ ಕೆಳಗೆ ಎಂಜಿನ್ ಸುತ್ತುತ್ತಿದ್ದರೆ ಅದು ಎಲ್ಲಿಗೂ ಹೋಗುತ್ತಿಲ್ಲ ಎಂಬುದು ಹನ್ನೊಂದು ವರ್ಷದ ಹುಡುಗನಿಗೂ ತಿಳಿದಿತ್ತು.

ನಮ್ಮೂರಿಗೆ ರೈಲಿಲ್ಲ. ಮುದ್ದೇಬಿಹಾಳ ತಾಲ್ಲೂಕಿಗೇ ಇಲ್ಲ. ಹತ್ತಬೇಕೆಂದರೆ ಆಲಮಟ್ಟಿಗೆ ಹೋಗಬೇಕು. ಆಲಮಟ್ಟಿಯಿಂದ ಯಾದಗಿರಿಗೆ ಹೊಸ ಮಾರ್ಗ ಬೇಕೆಂಬ ಮನವಿಯ ಸುದ್ದಿಯನ್ನು ನಾನು ಸಣ್ಣವಳಿದ್ದಾಗಿನಿಂದ ಓದುತ್ತ ಬಂದಿದ್ದೇನೆ. ಅಣ್ಣ ಕೆಲಸ ಮಾಡುವುದು ಪುಣೆಯಲ್ಲಿ. ಹೋದ ದೀಪಾವಳಿಯಲ್ಲಿ ಮಗನನ್ನು ಕೋಥರೂಡಿನಲ್ಲಿರುವ ಜೋಶಿಯವರ ಕಿರುರೈಲು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿಂದ ಬಂದಮೇಲೆ ಹುಡುಗ ಬೇರೇನೂ ಕೇಳಲಿಲ್ಲ. ಅಣ್ಣ ಎರಡು ತಿಂಗಳು ಓವರ್‌ಟೈಮ್ ಮಾಡಿ ಒಂದು ಸೆಟ್ ತಂದುಕೊಟ್ಟ. ಒಂದು ಎಂಜಿನ್, ಮೂರು ಡಬ್ಬಿ, ಒಂದು ಸುತ್ತು ಹಳಿ. ಅಳತೆ 87ಕ್ಕೆ 1. ಐದೂವರೆ ಅಡಿ ಎತ್ತರದ ಮನುಷ್ಯ ಆ ಲೆಕ್ಕದಲ್ಲಿ ಎರಡು ಸೆಂಟಿಮೀಟರೂ ಆಗುವುದಿಲ್ಲ. ಶಾಲೆಯ ವಸ್ತುಪ್ರದರ್ಶನದಲ್ಲಿ ಅದನ್ನಿಡಲು ಅವನಿಗೆ ಒಪ್ಪಿಗೆ ಸಿಕ್ಕಿತ್ತು.

ಅವನು ನನ್ನನ್ನೇ ಕೇಳಲು ಕಾರಣವಿದೆ. ಧಾರವಾಡದಲ್ಲಿ ನಾನು ಪಿಎಚ್.ಡಿ. ಮಾಡುತ್ತಿರುವುದು ಕಂಪನಿ ನಾಟಕಗಳ ಪರದೆಗಳ ಮೇಲೆ. ರೈಲಿಗೂ ಪರದೆಗೂ ಹಳೆಯ ನಂಟು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಹೊಟಗಿಯಿಂದ ಗದಗಿನವರೆಗೆ, ವಿಜಯಪುರ ಬಾಗಲಕೋಟೆಗಳ ಮೇಲೆ ಹಾಯುವ ಮೀಟರ್ ಗೇಜ್ ಮಾರ್ಗ ತೆರೆದದ್ದೂ ಅದೇ ವರ್ಷ. ಎತ್ತಿನ ಗಾಡಿಗೆ ಭಾರವಾಗುತ್ತಿದ್ದ ಪರದೆಯ ಸುರುಳಿಗಳು ರೈಲು ಬಂದಮೇಲೆ ಊರಿಂದೂರಿಗೆ ಸಲೀಸಾಗಿ ಓಡಾಡಿದವು. ಇದೆಲ್ಲ ನನ್ನ ಮೂರನೆಯ ಅಧ್ಯಾಯದಲ್ಲಿದೆ. 1822ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪರದೆಗಳ ಮೇಲೆ ಬೆಳಕಿನಾಟ ತೋರಿಸುವ ಡಯೋರಾಮಾ ತೆರೆದ ದಾಗೇರ್, ಮುಂದೆ ಫೋಟೊಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದವನು, ಮೂಲತಃ ರಂಗಪರದೆಯ ಪೇಂಟರ್ ಎಂಬುದೂ ಇದೆ. ಜೊತೆಗೆ ಒಂದು ವಾಕ್ಯವಿತ್ತು: "ಗ್ರಾಮೀಣ ಪರದೆ ಕಲಾವಿದರು ಪಾಶ್ಚಾತ್ಯ ನಿಸರ್ಗಚಿತ್ರಗಳನ್ನು ಕ್ಯಾಲೆಂಡರುಗಳ ಮೂಲಕ ನಕಲು ಮಾಡಿದರು." ಬರೆದಾಗ ಅದು ಗಟ್ಟಿಯಾದ ಮಾತು ಎನಿಸಿತ್ತು.

ಇಲ್ಲದಿದ್ದದ್ದು ಒಂದೇ. ನಮ್ಮ ಕಾಕಾ, ಆ ಗೂಟದ ಅಂಗಿಯ ಕಾಕಾ, ಇಪ್ಪತ್ತೈದು ವರ್ಷ ಡ್ರಾಮಾ ಸೀನರಿ ಬರೆದವನು. ಗದಗ, ಹುಬ್ಬಳ್ಳಿ, ಇಳಕಲ್ಲಿಗೆ ಹೋಗಿ ಪೇಂಟರುಗಳನ್ನು ಮಾತಾಡಿಸಿದ ನಾನು ಅವನನ್ನು ಏನನ್ನೂ ಕೇಳಿರಲಿಲ್ಲ. ಮನೆಯವನಲ್ಲವೇ, ಯಾವಾಗ ಬೇಕಾದರೂ ಕೇಳಬಹುದು ಎಂದುಕೊಂಡಿದ್ದೆ. ಅದಕ್ಕಿಂತ ನಿಜವಾದ ಕಾರಣ, ಅವನ ಮಾತು ಸಂಶೋಧನೆಯ ಆಕರ ಆಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ಊರಿಗೆ ಹೋದವಳು ಮೊದಲು ಮಾಡಿದ್ದೂ ಅವನನ್ನು ಕೇಳದ ಕೆಲಸವೇ. ಹಿಮದ ಬೆಟ್ಟ, ಪೈನ್ ಮರ, ಸರೋವರ ಇರುವ ಚಿತ್ರವೊಂದನ್ನು ಆರಿಸಿ ಮುದ್ದೇಬಿಹಾಳದಲ್ಲಿ ಆರಡಿ ಫ್ಲೆಕ್ಸ್ ಹಾಕಿಸಿಕೊಂಡು ಬಂದೆ. ಹಲಗೆಯ ಹಿಂದಂಚಿಗೆ ಮೊಳೆ ಹೊಡೆದು ಕಟ್ಟಿದೆವು. ಲೈಟ್ ಹಚ್ಚಿದ ಕೂಡಲೇ ಫ್ಲೆಕ್ಸ್ ಫಳಫಳ ಹೊಳೆದು, ಬಲ್ಬೇ ಸರೋವರದಲ್ಲಿ ಬಿದ್ದಂತಾಯಿತು. ರೈಲು ಹಿಂಬದಿಗೆ ಹೋದಾಗ ಅದರ ನೆರಳು ಆಕಾಶದ ಮೇಲೆ ಹರಿದಾಡಿತು. ಎರಡು ಮೂಲೆಗಳಲ್ಲಿ ಆಕಾಶ ಮಡಚಿ ಕಪ್ಪು ಗೆರೆ ಮೂಡಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಗಾಲಿ ಉರುಳುವ ಅದುರಿಗೆ ಹಿಮಾಲಯ ಗಡಗಡ ನಡುಗುತ್ತಿತ್ತು.

ಕಾಕಾ ಹೊರಸಿನ ಮೇಲೆ ಕೂತು ನೋಡುತ್ತಿದ್ದ. ನಗಲಿಲ್ಲ. "ಇದನ್ನ ಯಾರು ನೋಡವ್ರು? ಎಲ್ಲಿ ಕುಂತು ನೋಡ್ತಾರ?" ಎಂದು ಕೇಳಿದ.

ಆ ಪ್ರಶ್ನೆ ನನ್ನ ಮೂರನೆಯ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ.

ಮೊಮ್ಮಗನನ್ನು ಹಲಗೆಯ ಮುಂದೆ ಕೂಡ್ರಿಸಿ, ಅವನ ಕಣ್ಣಿನ ಮಟ್ಟಕ್ಕೆ ದಾರ ಹಿಡಿದು, ಹಲಗೆಯಿಂದ ಎಷ್ಟು ಎತ್ತರ ಎಂದು ಗೇಣಿನಿಂದ ಅಳೆದ. ಒಂದು ಗೇಣು. "ಮುಗಿಲು ನೆಲ ಕೂಡೂದು ಇಲ್ಲೇ ಬರಬೇಕು. ನೆಲದ ಮ್ಯಾಲ ಕುಂತ ಮಂದಿಗೆ ಒಂದು ಲೆಕ್ಕ, ಕುರ್ಚಿ ಮಂದಿಗೆ ಒಂದು ಲೆಕ್ಕ. ಸಾಲ್ಯಾಗ ಎತ್ತರದ ಮೇಜು ಕೇಳು, ಇಲ್ಲಂದ್ರ ಎಲ್ಲಾರೂ ವಿಮಾನದಾಗಿಂದ ನೋಡಿದಂಗ ಆಕ್ಕೈತಿ."

ಮರುದಿನ ತೆಳು ಹಾರ್ಡ್‌ಬೋರ್ಡ್ ತಂದು, ನೀರು ಚಿಮುಕಿಸಿ, ಎರಡು ತುದಿಗಳನ್ನು ನಿಧಾನವಾಗಿ ಬಾಗಿಸಿದೆವು. ಮೂಲೆ ಇಲ್ಲದಿದ್ದರೆ ನೆರಳು ಕೂಡುವುದಿಲ್ಲ. ಅದರ ಮೇಲೆ ಮಂಜರಪಾಟ ಬಟ್ಟೆ ಅಂಟಿಸಿದೆವು. ಬಡಿಗೇರರು ಬಳಸುವ ಸರಸನ್ನು ಕಾಕಾ ಒಂದು ಡಬ್ಬಿಯಲ್ಲಿ ನೆನೆಹಾಕಿ, ಆ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ. ಮನೆಯೆಲ್ಲ ನಾತ. ಅವ್ವ ಮೂಗು ಮುಚ್ಚಿಕೊಂಡು ಬೈದಳು. ಅಂಟಿನ ನೀರಿಗೆ ಖಡುವಿನ ಪುಡಿ ಕಲಸಿ ಬಟ್ಟೆಗೆ ಬಳಿದದ್ದು ಮೊದಲ ಕೈ. ಒಣಗಿದ ಮೇಲೆ ಅದೇ ಅಂಟಿನಲ್ಲಿ ಪುಡಿ ಬಣ್ಣ. ಅಂಟು ಕಡಿಮೆಯಾದರೆ ಬಣ್ಣ ಕೈಗೆ ಹತ್ತುತ್ತದೆ, ಹೆಚ್ಚಾದರೆ ಹೊಳೆದು ಸಿಪ್ಪೆ ಏಳುತ್ತದೆ. ಹಸಿ ಇದ್ದಾಗ ಕಾಣುವ ಬಣ್ಣ ಒಣಗಿದಾಗ ತೀರ ತಿಳಿಯಾಗುತ್ತದೆ. ಅದಕ್ಕೇ ಕಾಕಾ ಪ್ರತಿ ಬಣ್ಣವನ್ನೂ ಮೊದಲು ಒಂದು ಚಿಂದಿಯ ಮೇಲೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ.

ಅವನ ಕೈ ಈಗ ನಡುಗುತ್ತದೆ. ಆಕಾಶವನ್ನು ನಾನೇ ಬಳಿದೆ. ನೆತ್ತಿಯಲ್ಲಿ ನೀಲಿ, ಕೆಳಗೆ ಬಂದಂತೆ ತಿಳಿ, ನೆಲ ಮುಟ್ಟುವಲ್ಲಿ ಹೆಚ್ಚುಕಡಿಮೆ ಬಿಳಿ. ನಾನು ತಿದ್ದಿದಷ್ಟೂ ಪಟ್ಟೆಗಳಾದವು. "ಒಣಗೋದ್ರೊಳಗ ಕೂಡಸಬೇಕು. ಮುಗಿಲನ್ನ ತಿದ್ದಬಾರದವ್ವಾ, ಒಮ್ಮೆ ಮಾಡಿ ಬಿಟ್ಟುಬಿಡಬೇಕು" ಎಂದ. ಮೂರನೆಯ ಸಲಕ್ಕೆ ಬಂತು.

ಆಮೇಲೆ ಬೆಟ್ಟದ ಜಗಳ. ಹುಡುಗನಿಗೆ ಬೆಟ್ಟ ಬೇಕು, ಸುರಂಗ ಬೇಕು. ಅವನು ನೋಡಿದ ರೈಲಿನ ಚಿತ್ರಗಳಲ್ಲೆಲ್ಲ ಅವಿದ್ದವು. ಕಾಕಾ ಬೇಡವೆಂದ. ನಾನು ನಡುವೆ ಬಾಯಿ ಹಾಕಿ, "ನೀನೂ ಜಂಗಲ್ ಸೀನಿನ್ಯಾಗ ಹಿಮದ ಗುಡ್ಡಾ ಬರೀತಿದ್ದೆಲ್ಲಾ ಕಾಕಾ? ಕ್ಯಾಲೆಂಡರ್ ನೋಡಿ?" ಎಂದೆ. ಅದು ಪ್ರಶ್ನೆಯಾಗಿರಲಿಲ್ಲ, ನನ್ನ ಅಧ್ಯಾಯದ ವಾಕ್ಯವಾಗಿತ್ತು.

"ಹೌದು, ಬರೀತಿದ್ದೆ. ಎರಿ ಹೊಲದಾಗ ಹುಟ್ಟಿ ಎರಿ ಹೊಲದಾಗ ದುಡಿಯೋ ಮಂದಿ. ರೊಕ್ಕಾ ಕೊಟ್ಟು, ನಿದ್ದಿಗೆಟ್ಟು ಕೂಡ್ತಾರ. ಅವರ ಮುಂದ ಮತ್ತ ಎರಿ ಹೊಲಾ ಬರದ್ರ ಏನ್ ನೋಡ್ತಾರ? ಇಲ್ಲದ್ದನ್ನ ತೋರಸಾಕ ಬರೀತಿದ್ದೆ." ಸ್ವಲ್ಪ ಹೊತ್ತು ಬಿಟ್ಟು ಹಲಗೆಯ ಕಡೆ ಕೈ ಮಾಡಿದ. "ಇಲ್ಲಿ ಇಲ್ಲದ್ದು ಮುಂದ ಐತಿ. ರೈಲು. ಅದಕ್ಕ ಹಿಂದ ಇದ್ದದ್ದು ಇರಲಿ."

ಹುಡುಗ ಬಹಳ ಹೊತ್ತು ಯೋಚಿಸಿದ. ಕೊನೆಗೆ, "ಹಂಗಾರ ಇದು ತಂಗಡಗಿ ಸ್ಟೇಶನ್ನು" ಎಂದ.

ಹಾಗೆ ಪರದೆಯ ಮೇಲೆ ಊರು ಬಂತು. ಬಲಕ್ಕೆ ಬಿಳಿಜೋಳದ ಹೊಲ, ಜಾಲಿ ಗಿಡಗಳು, ನಡುವೆ ಹೊಳೆ, ಆಚೆ ಹುನಗುಂದದ ಕಡೆಯ ದಂಡೆ. ದೂರದ ಗಿಡಗಳಿಗೆ ಹಸಿರು ಹಚ್ಚಲು ಹೋದ ನನ್ನ ಕೈಯನ್ನು ಕಾಕಾ ಹಿಡಿದ. ದೂರದ್ದಕ್ಕೆಲ್ಲ ಮುಗಿಲಿನ ಬಣ್ಣವನ್ನೇ ಕಲಸಬೇಕು, ಎಲೆ ಕೊಂಬೆ ತೋರಿಸಬಾರದು. ನಡುವಿನ ಗಾಳಿ ಎಷ್ಟಿದೆಯೋ ಅಷ್ಟು ನೀಲಿ. ನೀಲಮ್ಮನ ಗುಡಿಯನ್ನು ದೊಡ್ಡದಾಗಿ ಬರೆಯಬೇಕೆಂದು ಅವ್ವನ ಆಸೆಯಿತ್ತು. ಕೂಡಲಸಂಗಮಕ್ಕೆ ಬರಲು ಬಸವಣ್ಣನವರಿಂದ ಕರೆ ಬಂದಾಗ, ಅಲ್ಲಿರುವ ಸಂಗಯ್ಯ ಇಲ್ಲಿಯೂ ಇದ್ದಾನೆಂದು ನೀಲಮ್ಮ ಈಚೆ ದಂಡೆಯಲ್ಲೇ ಉಳಿದಳೆಂಬ ಕಥೆಯನ್ನು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಕಾಕಾ ಗುಡಿಗೆ ಕೊಟ್ಟದ್ದು ಒಂದು ಬಿಳಿ ಚುಕ್ಕೆ, ಅದರ ಪಕ್ಕ ಒಂದು ನಸುಗಪ್ಪು ಗೀರು. ಅವ್ವ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸುಮ್ಮನಾದಳು.

ಹೊಳೆಯನ್ನು ಅವನೇ ಬರೆದ, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು. ಕಿರಿದಾದ ಹರಿವು, ಎರಡೂ ಕಡೆ ಉಸುಕು, ದಂಡೆಗುಂಟ ಸಣ್ಣ ಸಣ್ಣ ಹೊಲದ ಪಟ್ಟಿಗಳು. ಹುಡುಗ ನೋಡಿ, "ಮುತ್ಯಾ, ನಮ್ಮ ಹೊಳಿ ಹಿಂಗಿಲ್ಲ. ಅಗಲ ಐತಿ" ಎಂದ.

ಕಾಕಾ ಕುಂಚವನ್ನು ಡಬ್ಬಿಯಲ್ಲಿಟ್ಟ. ಅವನು ಬರೆದದ್ದು ನಾರಾಯಣಪುರದ ಅಣೆಕಟ್ಟು ಮುಗಿಯುವ ಮೊದಲಿನ, ಅಂದರೆ 1982ಕ್ಕಿಂತ ಹಿಂದಿನ ಕೃಷ್ಣೆ. ಆ ಪಟ್ಟಿಗಳಲ್ಲಿ ಒಂದು ನಮ್ಮದಾಗಿತ್ತು. ಹಿನ್ನೀರು ಬಂದಮೇಲೆ ಅವನು ಪೂರ್ತಿ ಪೇಂಟರ್ ಆದ. ಮನೆಯಲ್ಲಿ ಯಾರೂ ಈ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. "ಹುಡುಗ ಖರೇನ ಹೇಳ್ತೈತಿ" ಎಂದು ನೀಲಿಯಲ್ಲಿ ಸಪೇತ ಕಲಸಿ, ಉಸುಕು ಹೊಲ ಎಲ್ಲ ಮುಚ್ಚುವಂತೆ ನೀರು ಬಳಿದ.

ಸರಸಿನ ಬಣ್ಣಕ್ಕೆ ಒಂದು ಗುಣವಿದೆ. ಎಷ್ಟೇ ಒಣಗಿದ್ದರೂ ಮೇಲೆ ಹಸಿ ಬಣ್ಣ ಬಿದ್ದರೆ ಕೆಳಗಿನದು ಕರಗಿ ಮೇಲೆ ಬರುತ್ತದೆ. ಬೆಳಿಗ್ಗೆ ನೋಡಿದರೆ ನೀರಿನೊಳಗಿಂದ ಕಂದು ಪಟ್ಟಿಗಳು ಮಸುಕಾಗಿ ಎದ್ದಿದ್ದವು. ನನಗೆ ಗಾಬರಿಯಾಯಿತು. ಅಕ್ರಿಲಿಕ್ ತಂದು ಮುಚ್ಚುತ್ತೇನೆಂದೆ.

"ನೀರಾಗ ಹೊಲಾ ಕಾಣಾಕತ್ತಾವಲ್ಲ" ಎಂದ ಹುಡುಗ.

"ಬ್ಯಾಸಿಗ್ಯಾಗ ನೀರು ಇಳದಾಗ ಖರೇನ ಕಾಣ್ತಾವ. ಇರ್ಲಿ ಬಿಡವ್ವಾ" ಎಂದ ಕಾಕಾ.

ನಿಲ್ಲಿಸುವ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಪರದೆ ಹಲಗೆಯನ್ನು ಮುಟ್ಟಬಾರದೆಂದು ಅದಕ್ಕೆ ಬೇರೆಯೇ ಕಾಲು ಕಟ್ಟಿದೆವು. ಈಗ ರೈಲು ಎಷ್ಟು ಅದುರಿದರೂ ಮುಗಿಲು ಅಲುಗುವುದಿಲ್ಲ. ಹಳಿಗೂ ಪರದೆಗೂ ನಡುವೆ ಒಂದು ಗೇಣು ಜಾಗ ಬಿಟ್ಟೆವು. ಡಬ್ಬಿ ಹಳಿ ತಪ್ಪಿದರೆ ಕೈ ಹೋಗಬೇಕು, ನೆರಳು ಬಿದ್ದರೆ ನೆಲದ ಮೇಲೇ ಬೀಳಬೇಕು. ಲೈಟನ್ನು ಮುಂದೆ, ಮೇಲೆ ಕಟ್ಟಿದೆವು. ಹಲಗೆ ಮುಗಿದು ಚಿತ್ರ ಶುರುವಾಗುವ ಗೆರೆ ಕಾಣದಂತೆ ಕಸಬರಿಗೆಯ ಕಡ್ಡಿಗಳನ್ನು ಎರಡೂವರೆ ಸೆಂಟಿಮೀಟರಿಗೆ ಕತ್ತರಿಸಿ ಸಾಲಾಗಿ ನೆಟ್ಟೆವು. 87ಕ್ಕೆ 1ರ ಲೆಕ್ಕದಲ್ಲಿ ಅದು ಆಳೆತ್ತರ ಮೀರಿದ ಜೋಳ. ಕಡ್ಡಿಯ ಜೋಳ ಎಲ್ಲಿ ಮುಗಿದು ಬಣ್ಣದ ಜೋಳ ಎಲ್ಲಿ ಶುರುವಾಗುತ್ತದೆಂದು ನಮಗೇ ತಿಳಿಯದಾಯಿತು.

ಪ್ರದರ್ಶನದ ದಿನ ಮಕ್ಕಳು ಎಂಜಿನ್ ನೋಡಿದರು, ಸ್ವಿಚ್ ಒತ್ತಿದರು. ಊರ ಹಿರಿಯರೊಬ್ಬರು ಮಾತ್ರ ರೈಲನ್ನು ಬಿಟ್ಟು ಬಗ್ಗಿ ಪರದೆಯನ್ನೇ ನೋಡುತ್ತ ನಿಂತರು. ಆಮೇಲೆ ಹೊಳೆಯೊಳಗಿನ ಒಂದು ಕಂದು ಪಟ್ಟಿಯ ಮೇಲೆ ಬೆರಳಿಟ್ಟು, "ಇದು ನಮ್ಮದು" ಎಂದರು. ಕಾಕಾ ಅವರ ಬೆರಳನ್ನು ಸ್ವಲ್ಪ ಬಲಕ್ಕೆ ಸರಿಸಿದ. ಇಬ್ಬರೂ ಮುಂದೆ ಮಾತಾಡಲಿಲ್ಲ. ರೈಲು ಸುತ್ತುತ್ತಲೇ ಇತ್ತು.

ಧಾರವಾಡಕ್ಕೆ ಮರಳಿದ ಮೇಲೆ ಮೂರನೆಯ ಅಧ್ಯಾಯ ತೆರೆದು "ನಕಲು ಮಾಡಿದರು" ಎಂಬ ವಾಕ್ಯವನ್ನು ಹೊಡೆದುಹಾಕಿದೆ. ಅದರ ಜಾಗಕ್ಕೆ ಏನು ಬರೆಯಬೇಕೆಂದು ಇನ್ನೂ ಗೊತ್ತಾಗಿಲ್ಲ. ಸಂದರ್ಶನ ಕೊಟ್ಟವರ ಪಟ್ಟಿಯ ಕೊನೆಗೆ ಕಾಕಾನ ಹೆಸರು ಸೇರಿಸಿದೆ. ಊರು ಎಂಬ ಕಾಲಂನಲ್ಲಿ ತಂಗಡಗಿ ಎಂದು ಬರೆದೆ. ಸಂದರ್ಶನದ ದಿನಾಂಕ ಎಂಬ ಕಾಲಂನ ಮುಂದೆ ಬಹಳ ಹೊತ್ತು ಕೂತಿದ್ದೆ. ಇಷ್ಟು ತಡವಾದದ್ದು ಯಾಕೆಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.