ಅಟ್ಟದ ಮೇಲಿನ ಕಂಪ್ಯೂಟರಿಗೆ ಎಷ್ಟು ಬಂದೀತು?

1976ರಲ್ಲಿ 666 ಡಾಲರ್ 66 ಸೆಂಟಿಗೆ ಮಾರುತ್ತಿದ್ದ ಆಪಲ್-1 ಕಂಪ್ಯೂಟರೊಂದು 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 9,05,000 ಡಾಲರಿಗೆ ಹೋಯಿತು. ಇಂಥ ಸುದ್ದಿ ಓದಿದ ಮಕ್ಕಳಿಗೆ ಅಟ್ಟದ ಮೇಲಿನ ಹಳೆಯ ಡಬ್ಬಗಳೆಲ್ಲ ಚಿನ್ನದ ಗಟ್ಟಿಯಂತೆ ಕಾಣುವುದು ಸಹಜ.

ನನ್ನ ಮಗನೂ ಹಾಗೆಯೇ. ಸೋದರಮಾವ 1984ರಲ್ಲಿ ಇಂಗ್ಲೆಂಡಿನಿಂದ ನನಗೆ ತಂದುಕೊಟ್ಟಿದ್ದ ಸಿಂಕ್ಲೇರ್ ಸ್ಪೆಕ್ಟ್ರಮ್ ಮಾರಿ ತನ್ನ ಎಂಜಿನಿಯರಿಂಗ್ ಫೀಸು ಕಟ್ಟೋಣವೆಂದ. ‘ಹಳೆಯದಕ್ಕೆಲ್ಲ ಬೆಲೆ ಬರುವುದಾದರೆ ಅಜ್ಜಿಯ ಒರಳುಕಲ್ಲನ್ನೇ ಮೊದಲು ಮಾರೋಣ ಕಣೋ’ ಎಂದೆ. ಮುಖ ಊದಿಸಿಕೊಂಡ. ಆಪಲ್-1 ತಯಾರಾದದ್ದೇ ಸುಮಾರು 200, ಸ್ಪೆಕ್ಟ್ರಮ್ ಲಕ್ಷಗಟ್ಟಲೆ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬುದರ ಮೇಲೆ ದರ ನಿಲ್ಲುತ್ತದೆ. ನಮ್ಮದನ್ನು ಮಾರಿದರೆ ಬರುವ ಹಣ ಒಂದು ಸೆಮಿಸ್ಟರಿಗೂ ಸಾಲದು. ಅರ್ಜಿ ಹಿಡಿದು ಬ್ಯಾಂಕಿಗೆ ಹೋಗುವುದು ನನಗೆ ತಪ್ಪಲಿಲ್ಲ.

ಇದ್ದುದರಲ್ಲಿ ಬೆಲೆ ಏರಿಸುವುದು ಯಂತ್ರದ ಪರಿವಾರ: ಮೂಲ ಪೆಟ್ಟಿಗೆ, ಕೈಪಿಡಿ, ಅಡಾಪ್ಟರು, ಕ್ಯಾಸೆಟ್ಟುಗಳು. ನಮ್ಮ ಪೆಟ್ಟಿಗೆಯನ್ನು ಅಮ್ಮ ಎಂದೋ ನೀರೊಲೆಗೆ ಹಾಕಿದ್ದರು. ಎಷ್ಟೋ ಮನೆಗಳಲ್ಲಿ ಹೀಗಾದದ್ದರಿಂದಲೇ ಖಾಲಿ ಪೆಟ್ಟಿಗೆಗೂ ಗಿರಾಕಿ! ಕೀಲಿಮಣೆಯ ಕೆಳಗಿನ ತೆಳು ಪ್ಲಾಸ್ಟಿಕ್ ಹಾಳೆ ಒಣಗಿ ಬಿರುಕು ಬಿಟ್ಟಿದ್ದರೆ ಚಿಂತೆಯಿಲ್ಲ, ಹೊಸದು ಸಿಗುತ್ತದೆ. ಅಡಾಪ್ಟರಿನ ವಿಷಯದಲ್ಲಿ ಮಾತ್ರ ಎಚ್ಚರ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುವೆ ಋಣ. ಇಂದಿನ ಬಹುತೇಕ ಅಡಾಪ್ಟರುಗಳಲ್ಲಿ ನಡುವೆ ಧನ. ಆಡುತ್ತದೋ ಇಲ್ಲವೋ ನೋಡೋಣವೆಂದು ಕೈಗೆ ಸಿಕ್ಕಿದ್ದನ್ನು ಚುಚ್ಚಿದರೆ, ಮಾರಲು ಉಳಿಯುವುದು ರಬ್ಬರ್ ಗುಂಡಿಗಳು ಮಾತ್ರ.