ಉಡುಪಿ ಸೀಮೆಯಲ್ಲಿ ನಾಲ್ಕು ಬೆಳಗಿನ ಓಟ

ಯಾತ್ರೆಯೆಂದರೆ ಮಠಮಾನ್ಯಗಳ ದರ್ಶನ, ಶರಣರು ನೆಲೆಸಿದ ತಾಣಗಳ ಸಂದರ್ಶನ ಎಂದೇ ನಾವು ಬಹುಕಾಲ ತಿಳಿದವರು. ಈ ಸಲದ ಯಾತ್ರೆ ಬೇರೆ ಬಗೆಯದು. ಕಳೆದ ಮಾಘಮಾಸದಲ್ಲಿ ಧಾರವಾಡದಿಂದ ಹೊರಟು, ಮಣಿಪಾಲದಲ್ಲಿರುವ ಮಗಳ ಮನೆಯಲ್ಲಿ ಐದು ದಿನ ತಂಗಿ, ನಾಲ್ಕು ಬೆಳಗು ನಾಲ್ಕು ಊರುಗಳಲ್ಲಿ ಓಡಿ ಬಂದೆವು. ಮಠದ ಅನ್ನವುಂಡು ಶಾಸ್ತ್ರ ಓದಿದ, ಅರವತ್ತು ದಾಟಿದ ಮನುಷ್ಯ ಓಡುವುದೇ ಎಂದು ಓದುಗ ಬಂಧುಗಳು ನಗಬಹುದು. ಮನೆಯವರೂ ಮೊದಲು ನಕ್ಕವರೇ. ರಕ್ತದಲ್ಲಿ ಸಕ್ಕರೆ ಏರತೊಡಗಿದಾಗ ವೈದ್ಯರು ದಿನವೂ ನಡೆಯಿರಿ ಎಂದರು. ನಡಿಗೆ ಬಿರುಸಾಗಿ, ಬಿರುಸು ಓಟವಾಯಿತು. ಓಟವೆಂದರೆ ಪಂದ್ಯದ ಓಟವಲ್ಲ. ಪಕ್ಕದವರೊಡನೆ ನಾಲ್ಕು ಮಾತಾಡುತ್ತ ಸಾಗಬಹುದಾದಷ್ಟೇ ವೇಗ.

ಓಡತೊಡಗಿದವನ ಸುತ್ತ ಸಲಹೆಗಾರರ ಸಂತೆ ನೆರೆಯುತ್ತದೆ. ಹಿಮ್ಮಡಿ ಊರು ಎನ್ನುವರು ಕೆಲವರು, ಊರಬೇಡ ಎನ್ನುವರು ಕೆಲವರು. ಬೂಟಿನ ಅಡಿ ದಪ್ಪವಿರಲಿ ಎಂಬುದು ಒಬ್ಬರ ಮಾತಾದರೆ, ಬೂಟೇ ರೋಗದ ಮೂಲವೆಂಬುದು ಇನ್ನೊಬ್ಬರ ಸಿದ್ಧಾಂತ. ಈ ಗೊಂದಲದ ನಡುವೆ, ಮಣಿಪಾಲದಲ್ಲಿ ಓದುತ್ತಿರುವ ಮೊಮ್ಮಗ ತನಗೆ ದೊರೆತ ವಿದ್ಯಾರ್ಥಿವೇತನದಲ್ಲಿ ಉಳಿಸಿ ಒಂದು ಜೊತೆ ಓಟದ ಬೂಟು ಕೊಂಡು ಧಾರವಾಡಕ್ಕೆ ಕಳುಹಿಸಿದ. ಅದರ ಬೆಲೆ ಕೇಳಿ ನಮಗೆ ಸಿಟ್ಟು ಬಂದಿತು. ಕಾಲಿಗೆ ಇಷ್ಟು ಆಡಂಬರ ಸಲ್ಲದೆಂದು ಹಿಂದಿರುಗಿಸಿಬಿಟ್ಟೆವು.

ನಮ್ಮ ಹಟಕ್ಕೆ ಆಧಾರವೂ ದೊರಕಿತು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದ ವೃತ್ತಾಂತವನ್ನು ಓದಿದೆವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಕಣ್ಣಿಗೆ ಬಿದ್ದಿತು. ಬರಿಗಾಲಿನ ಓಟ ರೂಢಿಯಾದವರು ಬಹುಮಟ್ಟಿಗೆ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಆದ್ದರಿಂದ ನೆಲದ ಏಟು ತಗ್ಗುತ್ತದೆ ಎಂಬುದು ಅದರ ಸಾರ. ಬಾಲ್ಯದಲ್ಲಿ ಜೋಳಿಗೆ ಹೊತ್ತು ಬರಿಗಾಲಿನಲ್ಲೇ ಕಂತಿಭಿಕ್ಷೆಗೆ ಓಣಿ ಓಣಿ ತಿರುಗಿದ ನಮಗೆ ಇನ್ನೇನು ಬೇಕಿತ್ತು? ಮರುದಿನವೇ ಡಾಂಬರು ರಸ್ತೆಯಲ್ಲಿ ಬರಿಗಾಲಿನಲ್ಲಿ ಓಡಿದೆವು. ಮೂರನೆಯ ವಾರದಲ್ಲಿ ಬಲಪಾದದ ಎಲುಬಿನಲ್ಲಿ ಸಣ್ಣ ಬಿರುಕು ಕಾಣಿಸಿತು. ಎರಡು ತಿಂಗಳು ಓಟವಿಲ್ಲ. ನೆಲದ ಮೇಲೆ ಕಾಲು ಮಡಿಸಿ ಲಿಂಗಪೂಜೆಗೆ ಕೂರುವುದೂ ಆಗದೆ ಕುರ್ಚಿಯ ಮೇಲೆ ಕುಳಿತೆವು. ರೂಢಿಯಾದವರು ಎಂಬ ಒಂದು ಪದವನ್ನು ನಾವು ಓದಿಯೂ ಓದಿರಲಿಲ್ಲ. ಭಿಕ್ಷೆಗೆ ತಿರುಗಿದ ಬಾಲಕನ ಅಂಗಾಲು ಬೇರೆ, ಐವತ್ತು ವರ್ಷ ಚಪ್ಪಲಿ ಮೆಟ್ಟಿದ ಮುದುಕನ ಅಂಗಾಲು ಬೇರೆ. ಅದೇ ಬಿಕಿಲ 1964ರ ಟೋಕಿಯೊದಲ್ಲಿ ಬೂಟು ಧರಿಸಿ ಮತ್ತೆ ಚಿನ್ನ ಗೆದ್ದನೆಂಬುದನ್ನು ತಿಳಿದದ್ದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ.

ಮಣಿಪಾಲದ ಮನೆಗೆ ಹೋದ ರಾತ್ರಿ ಮೊಮ್ಮಗ ಆ ಬೂಟಿನ ಪೆಟ್ಟಿಗೆಯನ್ನು ಮಾತಿಲ್ಲದೆ ನಮ್ಮ ಹಾಸಿಗೆಯ ಬಳಿ ಇಟ್ಟು ಹೋದ. ನಾವೂ ಮಾತಾಡಲಿಲ್ಲ. ಬೇರೊಂದು ಹಳೆಯ ಬೂಟು ನಮ್ಮ ಚೀಲದಲ್ಲಿತ್ತು.

ಮೊದಲ ಬೆಳಗು ಉಡುಪಿಯ ಅಜ್ಜರಕಾಡಿನಲ್ಲಿ. ರಥಬೀದಿಯಲ್ಲಿ ಮಠಗಳ ಬಾಗಿಲು ತೆರೆಯುವ ಹೊತ್ತಿಗೆ ನಾವು ಮಹಾತ್ಮ ಗಾಂಧಿ ಜಿಲ್ಲಾ ಕ್ರೀಡಾಂಗಣದಲ್ಲಿದ್ದೆವು. ಇಲ್ಲಿ ಕೃತಕ ಹಾಸಿನ ಓಟದ ಪಥವಿದೆ. ಒಳಗಿನ ಪಥದ ಒಂದು ಸುತ್ತು 400 ಮೀಟರ್. ಎಂಟನೆಯದರಲ್ಲಿ ಅದು ಸುಮಾರು 453 ಮೀಟರ್ ಆಗುತ್ತದೆ. ಒಳಪಥಗಳನ್ನು ಅಭ್ಯಾಸದ ಹುಡುಗ ಹುಡುಗಿಯರಿಗೆ ಬಿಟ್ಟು ನಮ್ಮಂಥವರು ಹೊರಪಥ ಹಿಡಿಯುವುದು ಮರ್ಯಾದೆ. ಹಾಸು ಮೆತ್ತಗಿದ್ದು ಮೊಣಕಾಲಿಗೆ ಹಿತ. ಆದರೆ ಎಡಕ್ಕೇ ತಿರುಗಿ ತಿರುಗಿ ಓಡುವುದರಿಂದ ಎರಡು ಕಾಲುಗಳ ಮೇಲೆ ಭಾರ ಸಮನಾಗಿ ಬೀಳದು. ಹತ್ತು ಸುತ್ತಿಗೆ ಸಾಕೆನಿಸಿತು. ಅಲ್ಲಿ ಒಬ್ಬ ತರಬೇತುದಾರರು, ವಾರದಿಂದ ವಾರಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ ದೂರ ಹೆಚ್ಚಿಸಬೇಕೆಂಬ ಪ್ರಸಿದ್ಧ ನಿಯಮವನ್ನು ಹುಡುಗರಿಗೆ ಹೇಳುತ್ತಿದ್ದರು. ನೆದರ್‌ಲೆಂಡ್ಸ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದಾಗ, 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಿಯಮ ಹಿಡಿದವರಿಗೂ ಬಿಟ್ಟವರಿಗೂ ಆದ ಗಾಯಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹಾಗೆಂದು ತರಬೇತುದಾರರ ಮಾತು ತಪ್ಪೆನ್ನಲಾರೆವು. ಅವಸರದ ಹುಡುಗರನ್ನು ತಡೆಯಲು ಅದೊಂದು ಒಳ್ಳೆಯ ಕಡಿವಾಣ. ಆದರೆ ಕಡಿವಾಣವನ್ನೇ ವೇದವೆನ್ನಬಾರದು.

ಎರಡನೆಯ ಬೆಳಗು ಮಣಿಪಾಲದಲ್ಲಿ. ಒಂದು ಕಾಲಕ್ಕೆ ಬೋಳುಗುಡ್ಡವಾಗಿದ್ದ ಇಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂದು ಅದು ವಿದ್ಯಾನಗರ. ಮಣ್ಣುಪಳ್ಳ ಎಂಬುದೇ ಮಣಿಪಾಲವಾಯಿತು ಎನ್ನುವುದುಂಟು. ಆ ಮಣ್ಣಪಳ್ಳ ಕೆರೆಯ ಸುತ್ತ ಈಗಲೂ ಜನ ನಡೆಯುತ್ತಾರೆ, ಓಡುತ್ತಾರೆ. ಈಚಿನ ವರ್ಷಗಳಲ್ಲಿ ಇಲ್ಲಿ ಮ್ಯಾರಥಾನ್ ಕೂಡ ನಡೆಯುತ್ತಿದ್ದು, ಊರಿನಲ್ಲಿ ಓಟದ ಗಾಳಿ ಬೀಸಿದೆ. ಕೆರೆಯಿಂದ ಎಂಡ್ ಪಾಯಿಂಟ್‌ವರೆಗೆ ಹೋದೆವು. ಗುಡ್ಡದ ಆ ತುದಿಯಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ, ಅದರಾಚೆ ತೆಂಗಿನ ಹಸುರು. ಕಣ್ಣಿಗೆ ಇಷ್ಟು ಸೊಗಸಾದ ಊರು ಕಾಲಿಗೆ ಕಠಿಣ. ಏರು, ಇಳಿವು, ಕಾಂಕ್ರೀಟು, ಅಂಚಿನಲ್ಲಿ ಮೊನಚಾದ ಮುರಕಲ್ಲು. ಇಳಿಜಾರಿನಲ್ಲಿ ಹಳೆಯ ಬೂಟಿನ ಮುಂಭಾಗಕ್ಕೆ ಹೆಬ್ಬೆರಳು ಹೊಡೆದು ಉಗುರು ಕಪ್ಪಿಟ್ಟಿತು.

ಮನೆಯಲ್ಲಿ ಮೊಮ್ಮಗ ನಮ್ಮ ಉಗುರು ನೋಡಿ ಕೊನೆಗೂ ಬಾಯಿ ಬಿಟ್ಟ. “ಅಜ್ಜಾ, ಬೂಟನ್ನು ಸಂಜೆ ಹೊತ್ತು ಕೊಳ್ಳಬೇಕು, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಐನೂರರಿಂದ ಎಂಟುನೂರು ಕಿಲೋಮೀಟರ್ ಓಡಿದ ಮೇಲೆ ಬದಲಾಯಿಸಬೇಕು. ನಿಮ್ಮದು ಎಷ್ಟು ಓಡಿದೆ?” ನಮ್ಮಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಊರೂರಿನಲ್ಲಿ ಉಪನ್ಯಾಸ ಹೇಳಿದ ನಾವು, ಇಪ್ಪತ್ತರ ಹುಡುಗನ ಮುಂದೆ ಶಿಷ್ಯನಂತೆ ಕಾಲು ಚಾಚಿ ಕುಳಿತಿದ್ದೆವು.

ಮೂರನೆಯ ಬೆಳಗು ಕಾಪುವಿನ ಕಡಲ ದಂಡೆ. ಬಂಡೆಯ ಮೇಲೆ ನಿಂತ ಅಲ್ಲಿಯ ದೀಪಸ್ತಂಭ 1901ರದು. ಅಲೆ ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿ, ತಂಪಾಗಿರುತ್ತದೆ. ಬೂಟು ಕಳಚಿ ಅರ್ಧ ಕಿಲೋಮೀಟರ್ ಮಾತ್ರ ಬರಿಗಾಲಿನಲ್ಲಿ ಓಡಿದೆವು. ಪಾದಕ್ಕೆ ನೋವಿಲ್ಲ, ಸಂತೋಷವೇ. ದಂಡೆಯ ಇಳಿಜಾರಿನಿಂದ ಒಂದು ಕಾಲು ಸದಾ ತಗ್ಗಿನಲ್ಲಿರುವುದರಿಂದ, ಹೋದಷ್ಟೇ ದೂರ ಅದೇ ಅಂಚಿನಲ್ಲಿ ಹಿಂದಿರುಗಿದರೆ ಲೆಕ್ಕ ಸರಿಹೋಗುತ್ತದೆ.

ಇಲ್ಲಿ ಉಡುಪಿನ ಪಾಠವಾಯಿತು. ಧಾರವಾಡದ ಒಣಗಾಳಿಯಲ್ಲಿ ಹತ್ತಿಯ ಬನಿಯನ್ ನಮಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ. ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಹೆಚ್ಚು. ಬೆವರು ಆರುವುದಿಲ್ಲ, ಆರದೆ ಮೈ ತಂಪಾಗದು. ಹತ್ತಿ ಆ ನೀರನ್ನೆಲ್ಲ ಹೀರಿ ಭಾರವಾಗಿ ಚರ್ಮವನ್ನು ಉಜ್ಜತೊಡಗಿತು. ಮೊಮ್ಮಗ ತೊಟ್ಟ ತೆಳುವಾದ ಪಾಲಿಯೆಸ್ಟರ್ ಅಂಗಿ ನೀರು ಹಿಡಿಯದೆ ಬೇಗ ಒಣಗುತ್ತಿತ್ತು. ಖಾದಿಯ ಅಭಿಮಾನಿಗಳಾದ ನಾವು ಓಟದ ಒಂದು ಗಂಟೆಯ ಮಟ್ಟಿಗೆ ಸೋಲೊಪ್ಪಿಕೊಂಡೆವು. ತೊಡೆ, ಕಂಕುಳುಗಳ ಉಜ್ಜುಗಾಯಕ್ಕೆ ಮಾತ್ರ ಅಂಗಡಿಯ ಲೇಪನ ಬೇಕಿಲ್ಲ. ಓಡುವ ಮುನ್ನ ಸವರಿದ ಒಂದಿಷ್ಟು ತೆಂಗಿನೆಣ್ಣೆ ಸಾಕು.

ನಮ್ಮ ಮನೆತನದವರಿಗಷ್ಟೇ ಬರುವ ಎರಡು ತೊಡಕುಗಳನ್ನು ಯಾವ ಸಲಹೆಗಾರನೂ ಹೇಳಲಾರ. ಆದ್ದರಿಂದ ನಾವೇ ಹೇಳಬೇಕು. ಹಣೆಯ ವಿಭೂತಿ ಬೆವರಿನೊಡನೆ ಕಣ್ಣಿಗಿಳಿದು ಉರಿಸುತ್ತದೆ. ಹಗುರವಾಗಿ ಧರಿಸಿ, ತೆಳು ಅರಿವೆಯೊಂದನ್ನು ಕೈಯಲ್ಲಿಟ್ಟುಕೊಳ್ಳಿರಿ. ಇನ್ನು ಕೊರಳಿನ ಕರಡಿಗೆ ಹೆಜ್ಜೆ ಹೆಜ್ಜೆಗೂ ಎದೆಗೆ ಬಡಿಯುತ್ತದೆ, ತೊಯ್ದ ಶಿವದಾರ ಕತ್ತನ್ನು ಕೊರೆಯುತ್ತದೆ. ಲಿಂಗವನ್ನು ತೆಗೆದಿಟ್ಟು ಓಡುವ ಮಾತೇ ಇಲ್ಲ. ಹೊಲದಲ್ಲಿ ದುಡಿಯುವ ಹಿರಿಯರು ಇಷ್ಟಲಿಂಗವನ್ನು ಮೆತ್ತನೆಯ ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೆವು. ಕಾಪುವಿನಲ್ಲಿ ಹಾಗೆಯೇ ಮಾಡಿದೆವು. ಮತ್ತೆ ಅಲುಗಲಿಲ್ಲ, ಮನಸ್ಸೂ ಅಲುಗಲಿಲ್ಲ.

ನೀರಿನ ವಿಷಯದಲ್ಲೂ ಒಂದು ಮಾತು. ಆದಷ್ಟೂ ಕುಡಿಯಿರಿ ಎಂಬುದು ಹಳೆಯ ಉಪದೇಶ. ಆದರೆ 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶ ಸಹಜಕ್ಕಿಂತ ಕೆಳಗಿಳಿದಿತ್ತು. ಅತಿಯಾಗಿ ಕುಡಿದದ್ದು ಅದಕ್ಕೆ ಮುಖ್ಯ ಕಾರಣ. ಬಾಯಾರಿದಾಗ ಬಾಯಾರಿಕೆ ತೀರುವಷ್ಟು ಕುಡಿಯುವುದು ಲೇಸು. ಓಟ ಮುಗಿದ ಮೇಲೆ ಕಾಪುವಿನಲ್ಲಿ ಕುಡಿದ ಎಳನೀರು, ಮನೆಯಲ್ಲಿ ಮಗಳು ಕೊಟ್ಟ ಉಪ್ಪು ಬೆರೆತ ಮಜ್ಜಿಗೆ, ಇವೆರಡೂ ನಮಗೆ ಸಾಕಾದವು.

ನಾಲ್ಕನೆಯ ಬೆಳಗು ಕಾರ್ಕಳ. ಬಂಡೆಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಗೊಮ್ಮಟನಿದ್ದಾನೆ. 42 ಅಡಿ ಎತ್ತರದ ಏಕಶಿಲೆ. ಮೆಟ್ಟಿಲು ಹತ್ತಿ ಆ ಪಾದಗಳ ಬಳಿ ನಿಂತಾಗ, ಮೂರು ದಿನ ಅಂಗಿ ಬೂಟುಗಳ ಚರ್ಚೆ ಮಾಡಿದ ನಮಗೆ ಒಳಗೊಳಗೇ ನಾಚಿಕೆಯಾಯಿತು. ಗೆದ್ದ ಮೇಲೂ ಎಲ್ಲವನ್ನೂ ಬಿಟ್ಟವನಿಗೆ ಏನೂ ಬೇಡ. ಆದರೆ ಆತ ನಿಂತವನು. ನಾವು ಇನ್ನೂ ಓಡುವವರು.

ಅಲ್ಲಿಂದ ಸಮೀಪದ ಮಿಯ್ಯಾರಿಗೆ ಹೋದೆವು. ಲವ-ಕುಶ ಜೋಡುಕರೆ ಕಂಬಳದ ಊರದು. 2020ರ ಜನವರಿಯ ಕೊನೆಯಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು, ಓಟದ ಬೂಟಿನ ಅಡಿ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದಕ್ಕಿಂತ ಹೆಚ್ಚು ತಗಡು ಇರಬಾರದು ಎಂದು ಕಟ್ಟಳೆ ಮಾಡಿತು. ಸರಿಯಾಗಿ ಅದೇ ದಿನಗಳಲ್ಲಿ, ಫೆಬ್ರವರಿಯ ಆರಂಭದಲ್ಲಿ, ಐಕಳ ಕಂಬಳದ ಕೆಸರಿನಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಡನೆ ಬರಿಗಾಲಿನಲ್ಲಿ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ದೇಶವೇ ಅವರನ್ನು ಉಸೇನ್ ಬೋಲ್ಟ್‌ನೊಡನೆ ತೂಗಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಅದಕ್ಕಿಂತಲೂ ವೇಗವಾಗಿ ಓಡಿದರು. ಗೌಡರಾದರೋ ಹೋಲಿಕೆಯನ್ನು ಒಪ್ಪಲಿಲ್ಲ. ಬೋಲ್ಟ್ ವಿಶ್ವವಿಜೇತ, ತಾವು ಗದ್ದೆಯ ಕೆಸರಿನಲ್ಲಿ ಓಡುವವರು, ಕಂಬಳದಲ್ಲಿ ಹಿಮ್ಮಡಿಯ ಕೆಲಸವಾದರೆ ಕ್ರೀಡಾಂಗಣದಲ್ಲಿ ಬೆರಳುಗಳ ಕೆಲಸ ಎಂದರು. ಆಯ್ಕೆಯ ಪರೀಕ್ಷೆಗೆ ಕರೆ ಬಂದಾಗಲೂ ಹೋಗಲಿಲ್ಲ. ಹೊಗಳಿಕೆಯ ಹೊಳೆಯಲ್ಲಿ ತೇಲದೆ ತನ್ನ ನೆಲವನ್ನು ತಾನು ಅರಿತು ಆಡಿದ ಆ ಮಾತು ನಮಗೆ ಅವರ ಓಟಕ್ಕಿಂತ ದೊಡ್ಡದಾಗಿ ಕಂಡಿತು.

ಕರೆಯ ಬದುವಿನಲ್ಲಿ ನಿಂತಿದ್ದ ಹಿರಿಯ ಕೃಷಿಕರೊಬ್ಬರನ್ನು, ಓಡುವವರು ಬೂಟು ಹಾಕದಿರುವುದು ಸಂಪ್ರದಾಯವೇ ಎಂದು ಭಕ್ತಿಯಿಂದ ಕೇಳಿದೆವು. ಅವರು ನಕ್ಕು, “ಸಂಪ್ರದಾಯ ಎಂತದು ಸ್ವಾಮಿ? ಕೆಸರಿನಲ್ಲಿ ಬೂಟು ಹಾಕಿದರೆ ಬೂಟು ಗಂತಿನಲ್ಲೇ ಉಳಿಯುತ್ತದೆ, ಮನುಷ್ಯ ಮಾತ್ರ ಮಂಜೊಟ್ಟಿಗೆ ಹೋಗುತ್ತಾನೆ. ಪೇಟೆಗೆ ಹೋಗುವಾಗ ನಾವೂ ಚಪ್ಪಲಿ ಹಾಕುತ್ತೇವೆ” ಎಂದರು. ಗಂತು ಎಂದರೆ ಓಟ ಹೊರಡುವ ತುದಿ, ಮಂಜೊಟ್ಟಿ ಎಂದರೆ ಮುಟ್ಟುವ ತುದಿ.

ಎರಡು ತಿಂಗಳ ನೋವು ಕಲಿಸದಿದ್ದುದನ್ನು ಆ ಮಾತು ಕಲಿಸಿತು. ಬಿಕಿಲನ ಬರಿಗಾಲು ಸುಳ್ಳಲ್ಲ, ಮೊಮ್ಮಗನ ಬೂಟೂ ಆಡಂಬರವಲ್ಲ. ಕೆಸರಿಗೆ ಬರಿಗಾಲು, ಒದ್ದೆ ಮರಳಿಗೂ ಮಿತವಾಗಿ ಬರಿಗಾಲು. ಕಾಂಕ್ರೀಟಿಗೂ ಮುರಕಲ್ಲಿಗೂ ಬೂಟು. ಒಣಗಾಳಿಗೆ ಹತ್ತಿ, ಕಡಲ ಗಾಳಿಗೆ ತೆಳು ಅಂಗಿ. ಪ್ರತಿಯೊಂದು ಸಲಹೆಗೂ ಹುಟ್ಟಿದ ನೆಲವೊಂದಿದೆ; ಹೇಳಿದವನ ಕಾಲು ಎಂಥದು, ನಿಂತ ನೆಲ ಯಾವುದು ಎಂದು ಕೇಳದೆ ಅದನ್ನು ಹೊತ್ತು ತಂದರೆ ಎಲುಬು ಬಿರಿಯುತ್ತದೆ. ಉಪದೇಶ ಹೇಳಿಯೇ ಬಾಳಿದ ನಮಗೆ ಇದು ಸಣ್ಣ ಪಾಠವಲ್ಲ. ನಮ್ಮ ಮಾತನ್ನು ಹೊತ್ತು ಹೋಗಿ ನೊಂದವರು ಎಷ್ಟು ಮಂದಿಯೋ ಎಂದು ಅಲ್ಲಿಯೇ ಮನಸ್ಸು ಕುಗ್ಗಿತು.

ಗದ್ದೆಯ ಬದಿಯ ನೀರಿನಲ್ಲಿ ಕಾಲು ತೊಳೆದುಕೊಂಡು, ಕಾರಿನಲ್ಲಿ ಮೊಮ್ಮಗ ಇಟ್ಟುಕೊಂಡೇ ಬಂದಿದ್ದ ಪೆಟ್ಟಿಗೆಯನ್ನು ಕೇಳಿ ಪಡೆದೆವು. ಆತ ಮಂಡಿಯೂರಿ ಕುಳಿತು ದಾರ ಬಿಗಿದ. ಬಹಳ ಬಿಗಿಯಾಯಿತೇ ಎಂದು ಕೇಳಿದ. ಸ್ವಲ್ಪ ಸಡಿಲಿಸು ತಮ್ಮಾ ಎಂದೆವು. ಹೆಬ್ಬೆರಳಿನ ಮುಂದೆ ಸರಿಯಾಗಿ ಒಂದು ಬೆರಳಗಲ ಜಾಗವಿತ್ತು. ಇಬ್ಬರೂ ಕಾರ್ಕಳದ ರಸ್ತೆಯಲ್ಲಿ ಮಾತಾಡುತ್ತ ಎರಡು ಕಿಲೋಮೀಟರ್ ಓಡಿದೆವು.

ಓದುಗ ಬಂಧುಗಳೇ, ನಿಮ್ಮ ಮನೆಯ ಹಿರಿಯರು ಓಡಲು ಬಯಸಿದರೆ ನಗಬೇಡಿರಿ. ವೈದ್ಯರನ್ನು ಒಮ್ಮೆ ಕೇಳಿ, ಅವರ ಕಾಲಿಗೂ ಊರಿನ ನೆಲಕ್ಕೂ ಒಪ್ಪುವ ಬೂಟನ್ನು ಸಂಜೆಯ ಹೊತ್ತು ಕೊಡಿಸಿರಿ. ಅವರು ಬೇಡವೆಂದರೆ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡಿರಿ.